ಒಂದೇ ಶಾಲೆ, ಎರಡು ಕಾಗದ

ಮಾನ್ಯ ಸಂಪಾದಕರೇ,

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಬಗ್ಗೆ ನಿಮ್ಮ ಪತ್ರಿಕೆಗೆ ಬರೆದಿದ್ದ ಓದುಗರೊಬ್ಬರು, ಅಮೆರಿಕದಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಗ್ರೇಡ್ ಕೊಡುತ್ತಾರಂತೆ, ನಮ್ಮಲ್ಲೂ ಹಾಗೇ ಮಾಡಿದರೆ ಮೇಷ್ಟ್ರುಗಳು ದಾರಿಗೆ ಬರುತ್ತಾರೆ ಅಂದಿದ್ದರು. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕ್ಯಾಲಿಫೋರ್ನಿಯಾದಲ್ಲಿ ಇದ್ದೇನೆ. ಮಗಳು ಓದಿದ್ದು ಇಲ್ಲಿನ ಸರ್ಕಾರಿ ಶಾಲೆಯಲ್ಲೇ. ಆ ಓದುಗರಿಗೆ ನನ್ನದೊಂದು ಪ್ರಶ್ನೆ: ಯಾರ ಗ್ರೇಡು, ರಾಜ್ಯದ್ದೋ ಕೇಂದ್ರದ್ದೋ?

2008ರಲ್ಲಿ ನಮ್ಮ ಮನೆಗೆ ಒಂದೇ ವಾರದಲ್ಲಿ ಎರಡು ಕಾಗದ ಬಂದವು. ಮೊದಲನೆಯದರಲ್ಲಿ ಶಾಲೆಯವರ ಸಂಭ್ರಮ. ರಾಜ್ಯದ ಲೆಕ್ಕದಲ್ಲಿ ನಮ್ಮ ಶಾಲೆ ಗುರಿಗಿಂತ ಮೇಲೆ ಏರಿದೆ, ಎಲ್ಲರಿಗೂ ಅಭಿನಂದನೆ ಅಂತ. ಎರಡನೆಯದು ಕೇಂದ್ರದ ಕಾನೂನಿನಂತೆ ಕಳಿಸಲೇಬೇಕಾದ ಕಾಗದ. ನಿಮ್ಮ ಮಗುವಿನ ಶಾಲೆ ಸತತ ಎರಡನೇ ವರ್ಷವೂ ಗುರಿ ಮುಟ್ಟಿಲ್ಲ, 'ಪ್ರೋಗ್ರಾಂ ಇಂಪ್ರೂವ್‌ಮೆಂಟ್' ಅಂದರೆ ಸುಧಾರಿಸಬೇಕಾದ ಶಾಲೆಗಳ ಪಟ್ಟಿಗೆ ಸೇರಿದೆ, ಬೇಕಿದ್ದರೆ ಮಗುವನ್ನು ಬೇರೆ ಶಾಲೆಗೆ ಹಾಕಬಹುದು, ಬಸ್ಸಿನ ವ್ಯವಸ್ಥೆ ನಮ್ಮದು ಅಂತ ಅದರಲ್ಲಿತ್ತು. ಎರಡನ್ನೂ ಫ್ರಿಜ್ ಬಾಗಿಲಿಗೆ ಅಂಟಿಸಿದೆ. ನಮ್ಮತ್ತೆ ಆಗ ಊರಿಂದ ಬಂದಿದ್ದರು. ಎರಡನ್ನೂ ಓದಿ ಹೇಳಿದ ಮೇಲೆ, "ಪಾಸೋ ಫೇಲೋ, ಒಂದು ಹೇಳಮ್ಮ" ಅಂದರು.

ತಮಾಷೆ ಅಂದರೆ ಎರಡು ಕಾಗದದಲ್ಲೂ ಸುಳ್ಳಿರಲಿಲ್ಲ. ಅದೇ ಮಕ್ಕಳು, ಅದೇ ಪರೀಕ್ಷೆ. ಕೂಡಿಸಿ ಕಳೆಯುವ ರೀತಿ ಮಾತ್ರ ಬೇರೆ.

ರಾಜ್ಯದ್ದು 1999ರ ಕಾನೂನು. ಅದರಲ್ಲಿ ಪ್ರತಿ ಶಾಲೆಗೂ 200ರಿಂದ 1000ದ ಒಳಗೆ ಒಂದು ಅಂಕ. ಎಪಿಐ ಅಂತ ಅದಕ್ಕೆ ಹೆಸರು. ಎಲ್ಲರೂ ಮುಟ್ಟಬೇಕಾದದ್ದು 800. ಪರೀಕ್ಷೆ ಬರೆದ ಮಕ್ಕಳನ್ನು ಐದು ಮೆಟ್ಟಿಲ ಮೇಲೆ ನಿಲ್ಲಿಸುತ್ತಿದ್ದರು. ಕೆಳಗಿನ ಮೆಟ್ಟಿಲಿಗೆ 200, ಆಮೇಲೆ 500, 700, 875, ತುದಿಗೆ 1000. ಎಲ್ಲ ಮಕ್ಕಳ ಸರಾಸರಿಯೇ ಶಾಲೆಯ ಅಂಕ. ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ಕೊನೇ ಬೆಂಚಿನ ಹುಡುಗ ಒಂದೇ ಒಂದು ಮೆಟ್ಟಿಲು ಹತ್ತಿದರೆ 300 ಅಂಕ. ಜಾಣ ಹುಡುಗಿ ನಾಲ್ಕರಿಂದ ಐದಕ್ಕೆ ಹೋದರೆ 125. ಹಾಗಾಗಿ ಕೊನೇ ಬೆಂಚಿನವನ ಪಕ್ಕ ಕೂತು ಪಾಠ ಹೇಳಿಕೊಟ್ಟರೆ ಶಾಲೆಗೇ ಲಾಭ. 800ಕ್ಕೆ ಎಷ್ಟು ಕಡಿಮೆ ಇದೆಯೋ, ವರ್ಷಕ್ಕೆ ಅದರಲ್ಲಿ ಶೇ 5ರಷ್ಟು ಏರಿದರೆ ಸಾಕಿತ್ತು. 600ರಲ್ಲಿರುವ ಶಾಲೆಗೆ ಆ ವರ್ಷದ ಗುರಿ 10 ಅಂಕ.

ಕೇಂದ್ರದ್ದು 2002ರ ಜನವರಿಯಲ್ಲಿ ಅಧ್ಯಕ್ಷ ಬುಷ್ ಸಹಿ ಹಾಕಿದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾನೂನು. ಅಲ್ಲಿ ಮೆಟ್ಟಿಲಿಲ್ಲ, ಒಂದೇ ಗೆರೆ. ಮಗು ಗೆರೆಯ ಮೇಲಿದೆಯಾ, ಕೆಳಗಿದೆಯಾ, ಅಷ್ಟೇ. ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ 2007ರವರೆಗೆ ಶೇ 24.4 ಮಕ್ಕಳು ಇಂಗ್ಲಿಷ್‌ನಲ್ಲಿ ಗೆರೆ ದಾಟಿದರೆ ಸಾಕಿತ್ತು. 2008ಕ್ಕೆ ಅದು 35.2 ಆಯಿತು. ಮುಂದೆ ವರ್ಷ ವರ್ಷ 10.8 ಏರುತ್ತಾ ಹೋಗಿ 2014ಕ್ಕೆ ಪೂರ್ತಿ 100! ನೂರಕ್ಕೆ ನೂರು ಮಕ್ಕಳು ಅಂದರೆ ಯಾವ ಮೇಷ್ಟ್ರನ್ನು ಕೇಳಿದರೂ ನಗುತ್ತಾರೆ. ಜೊತೆಗೆ ಇಂಗ್ಲಿಷ್ ಕಲಿಯುವವರು, ಅಂಗವಿಕಲರು, ಹೀಗೆ ಮಕ್ಕಳ ಒಂದೊಂದು ಗುಂಪಿಗೂ ಬೇರೆ ಬೇರೆ ಲೆಕ್ಕ. ಒಂದು ಗುಂಪು ಎಡವಿದರೂ ಇಡೀ ಶಾಲೆ ಎಡವಿದ ಹಾಗೆ. 300 ಅಂಕ ತಂದುಕೊಟ್ಟ ಆ ಕೊನೇ ಬೆಂಚಿನ ಹುಡುಗನಿಗೆ ಇಲ್ಲಿ ಸೊನ್ನೆ. ಗೆರೆಗೆ ಒಂದೆರಡು ಉತ್ತರ ಕಡಿಮೆ ಬಿದ್ದ ಮಕ್ಕಳ ಮೇಲೆ ಮಾತ್ರ ಎಲ್ಲರ ಕಣ್ಣು.

ನಮ್ಮ ಶಾಲೆ ಎಡವಿದ್ದು ಇಂಗ್ಲಿಷ್ ಕಲಿಯುವ ಮಕ್ಕಳ ಗುಂಪಿನಲ್ಲಿ. ಆ ಗುಂಪಿನಲ್ಲಿ ನನ್ನ ಮಗಳೂ ಇದ್ದಳು. ಶಾಲೆಗೆ ಸೇರಿಸುವಾಗ, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ ಒಂದು ಫಾರಂ ಕೊಡುತ್ತಾರೆ. "ಸುಮ್ನೆ ಇಂಗ್ಲಿಷ್ ಅಂತ ಬರೆದುಬಿಡಿ, ಇಲ್ಲದಿದ್ದರೆ ತಾಪತ್ರಯ" ಅಂತ ಪರಿಚಯದವರೆಲ್ಲ ಹೇಳಿದ್ದರು. ನಾನು ಕನ್ನಡ ಅಂತ ಬರೆದೆ. ಆಮೇಲೆ ಅವಳಿಗೊಂದು ಇಂಗ್ಲಿಷ್ ಪರೀಕ್ಷೆ ಆಗಿ, ಆ ಪಟ್ಟಿಗೆ ಸೇರಿದಳು. ಈ ಪಟ್ಟಿಯ ಕಥೆಯೇ ವಿಚಿತ್ರ. ಇಂಗ್ಲಿಷ್ ಚೆನ್ನಾಗಿ ಬಂದವರು ಕೆಲವು ವರ್ಷಕ್ಕೆ ಹೊರಗೆ ಹೋಗುತ್ತಾರೆ, ಮೊನ್ನೆ ತಾನೇ ವಿಮಾನ ಇಳಿದವರು ಒಳಗೆ ಬರುತ್ತಾರೆ. ಇಂಥ ಗುಂಪು ನೂರಕ್ಕೆ ನೂರು ಮುಟ್ಟುವುದಾದರೂ ಹೇಗೆ?

ಇಷ್ಟಾದರೂ ಕೇಂದ್ರವನ್ನು ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ. ಇಂಗ್ಲಿಷ್ ಬಾರದ ಮಕ್ಕಳು, ಅಂಗವಿಕಲ ಮಕ್ಕಳು ಎಷ್ಟು ಕಲಿತರು ಅಂತ ಪ್ರತ್ಯೇಕವಾಗಿ ತೋರಿಸಲೇಬೇಕು ಅಂತ ಹಠ ಹಿಡಿದದ್ದು ಆ ಕಾನೂನೇ. ಶಾಲೆಯ ಒಟ್ಟು ಅಂಕ ಚೆನ್ನಾಗಿದ್ದರೆ ಈ ಮಕ್ಕಳನ್ನು ಯಾರು ಕೇಳುತ್ತಾರೆ? ಆ ಎರಡನೇ ಕಾಗದ ಬಂದ ಮೇಲೆಯೇ ನಮ್ಮ ಶಾಲೆಯಲ್ಲಿ ಇವರಿಗೆ ಸಂಜೆ ಪಾಠ ಶುರುವಾಯಿತು.

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಮಾತೇ ಇಲ್ಲ, ಅದು ರಾಜ್ಯಗಳ ಪಾಲಿನದು. ಕೇಂದ್ರ ಒಳಗೆ ಬಂದದ್ದು ದುಡ್ಡು ಹಿಡಿದುಕೊಂಡು, 1965ರಲ್ಲಿ, ಬಡ ಮಕ್ಕಳ ಶಾಲೆಗಳಿಗೆ ಅಂತ. ಈಗಲೂ ಶಾಲೆಗಳ ಖರ್ಚಿನಲ್ಲಿ ಅದರ ಪಾಲು ಸುಮಾರು ಹತ್ತಕ್ಕೊಂದು. ಕೊಡುವುದು ಹತ್ತಕ್ಕೊಂದು, ಯಜಮಾನಿಕೆ ಮಾತ್ರ ಪೂರ್ತಿ ಅಂತ ಇಲ್ಲಿನ ಶಿಕ್ಷಕರು ಗೊಣಗುತ್ತಿದ್ದರು.

ಆಮೇಲೆ ಇಬ್ಬರೂ ಬದಲಾದರು. ರಾಜ್ಯ ಎಪಿಐ ಕೈಬಿಟ್ಟಿತು. 2015ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಒಬಾಮ ಸಹಿಯ ಹೊಸ ಕಾನೂನು ಬಂದು ನೂರಕ್ಕೆ ನೂರರ ಗುರಿ ಹೋಯಿತು. ಈಗ ಕೇಂದ್ರ ಕೇಳುವುದು ಮುಖ್ಯವಾಗಿ, ಅದರ ನೆರವು ಪಡೆಯುವ ಶಾಲೆಗಳಲ್ಲಿ ತೀರಾ ಹಿಂದಿರುವ ಶೇ 5 ಶಾಲೆಗಳು ಯಾವುವು, ಅವುಗಳಿಗೆ ಏನು ಮಾಡುತ್ತೀರಿ ಅಂತ. ಕ್ಯಾಲಿಫೋರ್ನಿಯಾ 2017ರಿಂದ ಒಂದೇ ಅಂಕದ ಬದಲು ಕೆಂಪಿನಿಂದ ನೀಲಿಯವರೆಗೆ ಐದು ಬಣ್ಣ ತೋರಿಸುತ್ತಿದೆ. ಗಣಿತಕ್ಕೊಂದು, ಇಂಗ್ಲಿಷ್‌ಗೊಂದು, ಪದೇ ಪದೇ ಗೈರಾಗುವ ಮಕ್ಕಳ ಲೆಕ್ಕಕ್ಕೊಂದು, ಹೀಗೆ. ಈ ವರ್ಷ ಎಲ್ಲಿದೆ, ಹೋದ ವರ್ಷಕ್ಕಿಂತ ಎಷ್ಟು ಸರಿದಿದೆ, ಎರಡೂ ಸೇರಿ ಬಣ್ಣ. ನೋಡಿದ ತಕ್ಷಣ ಅರ್ಥ ಆಗಲ್ಲ, ನಿಜ. ಮನೆ ಮಾರಿಸುವ ದಲ್ಲಾಳಿಗಳಿಗಂತೂ ಬಹಳ ಬೇಜಾರು. ಮುಂಚೆ ಜಾಹೀರಾತಿನಲ್ಲಿ ಶಾಲೆಯ ಎಪಿಐ ಹಾಕಿಯೇ ರೇಟು ಏರಿಸುತ್ತಿದ್ದರು.

ಇನ್ನು ನಮ್ಮೂರಿನ ಮಾತು. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ಕಲಬುರಗಿ ಶೇ 42.43ರೊಂದಿಗೆ ಕೊನೆ ಅಂತ ಎಲ್ಲ ಪತ್ರಿಕೆಗಳಲ್ಲೂ ಓದಿದೆ. ಇದೂ ಒಂದೇ ಗೆರೆಯ ಲೆಕ್ಕ ಅಲ್ವಾ? ಸಂಪಾದಕರೇ, ಮುಂದಿನ ಸಲ ಜಿಲ್ಲಾವಾರು ಪಟ್ಟಿ ಹಾಕುವಾಗ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, ಹಿಂದಿನ ವರ್ಷಕ್ಕಿಂತ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ. ಪಟ್ಟಿಯನ್ನು ಆ ಕಾಲಂ ಪ್ರಕಾರವೂ ಒಮ್ಮೆ ಜೋಡಿಸಿ ನೋಡಿ. ಮೊದಲ ಸಾಲಿನಲ್ಲಿ ಯಾವ ಊರು ಬರುತ್ತದೋ ನನಗೂ ಕುತೂಹಲ.

— ಓದುಗಿ, ಬೇ ಏರಿಯಾ, ಕ್ಯಾಲಿಫೋರ್ನಿಯಾ (ಮೂಲ ಊರು ತಿಪಟೂರು)