ಹೆಸರು ಕೂಗುವವನ ಧನ್ಯವಾದ

ಹೋದ ವಾರದ ನಮ್ಮ ಕ್ಲಬ್ಬಿನ ಸಭೆಯಲ್ಲಿ, ದನಿ ಹೋಗಿ 13 ತಿಂಗಳ ನಂತರ, ಗಂಟೆ ಬಾರಿಸಿ ಬಂದವರ ಹೆಸರು ಕೂಗಿದೆ. ಒಟ್ಟು 24 ಹೆಸರು. ಹದಿನೆಂಟನೆಯ ಹೆಸರಿಗೆ ದನಿ ಒಡೆಯಿತು. ನಿಂತು, ಉಸಿರು ತೆಗೆದುಕೊಂಡು ಮುಂದುವರಿದೆ. ನೀವು ಯಾರೂ ಅವಸರ ಮಾಡಲಿಲ್ಲ. ಸಭೆ ಮುಗಿದ ಮೇಲೆ ಎದ್ದು ನಿಂತು ಧನ್ಯವಾದ ಹೇಳಬೇಕು ಅಂದುಕೊಂಡಿದ್ದೆ. ಅಷ್ಟು ಹೊತ್ತಿಗೆ ದನಿ ದಣಿದಿತ್ತು, ಮನಸ್ಸು ತುಂಬಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಹೊಸಬರಿಗೆ ಒಂದೆರಡು ಮಾತು. ನಮ್ಮದು ರೋಟರಿ ಕ್ಲಬ್. ಬೇರೆ ಎರಡು ದೇಶಗಳ ಎರಡು ಕ್ಲಬ್ಬುಗಳ ಜೊತೆ ನಮಗೆ ಹಳೆಯ ನಂಟು. ವರ್ಷಕ್ಕೊಮ್ಮೆ ಮೂರೂ ಕ್ಲಬ್ಬಿನವರು ಸೇರುತ್ತೇವೆ. ಒಂದು ವರ್ಷ ಅವರಲ್ಲಿ, ಒಂದು ವರ್ಷ ಇವರಲ್ಲಿ, ಒಂದು ವರ್ಷ ನಮ್ಮಲ್ಲಿ. ಶುಕ್ರವಾರ ಸಂಜೆ ಬಂದಿಳಿಯುವುದು, ಭಾನುವಾರ ಬೆಳಿಗ್ಗೆ ಬೀಳ್ಕೊಡುವುದು. ಹೋಟೆಲ್ ಮಾತೇ ಇಲ್ಲ, ಸದಸ್ಯರ ಮನೆಯಲ್ಲೇ ಉಳಿಯಬೇಕು. ಶನಿವಾರ ರಾತ್ರಿ ಔತಣಕೂಟ. ಮೂವರು ಅಧ್ಯಕ್ಷರೂ ಕಾಲರ್, ಅಂದರೆ ಪದವಿಯ ಗುರುತಿನ ಕೊರಳಪಟ್ಟಿ, ಹಾಕಿಕೊಂಡು ಕೂರುತ್ತಾರೆ. ಪತಾಕೆಗಳ ವಿನಿಮಯ ನಡೆಯುತ್ತದೆ. ಅದಕ್ಕೂ ಮೊದಲು ಬಂದಿರುವ ಪ್ರತಿಯೊಬ್ಬರ ಹೆಸರನ್ನೂ ಕೂಗಬೇಕು. ಕೂಗಿದವರು ಎದ್ದು ನಿಲ್ಲಬೇಕು. ಸಾರ್ಜೆಂಟ್ ಅಟ್ ಆರ್ಮ್ಸ್, ಅಂದರೆ ಸಭೆಯ ಶಿಸ್ತು ನೋಡಿಕೊಳ್ಳುವವನು, ಆಗಿ 11 ವರ್ಷ ಆ ಕೆಲಸ ನನ್ನದಾಗಿತ್ತು.

ನನಗೆ ಅದು ಬರೀ ಹಾಜರಿ ಅಲ್ಲ. ಮೂರು ಭಾಷೆಯ ಹೆಸರುಗಳು ಒಂದೇ ಪಟ್ಟಿಯಲ್ಲಿರುತ್ತವೆ. ಕಾಗದದ ಮೇಲೆ ಕಾಣುವ ಅಕ್ಷರವೇ ಬೇರೆ, ಅವರ ತಾಯಿ ಕರೆಯುವ ದನಿಯೇ ಬೇರೆ. ಅದಕ್ಕೇ ಒಂದು ತಿಂಗಳು ಮೊದಲೇ ಪಟ್ಟಿ ತರಿಸಿಕೊಂಡು, ಅನುಮಾನ ಇದ್ದವರಿಗೆ ಫೋನ್ ಮಾಡಿ ಕೇಳುತ್ತಿದ್ದೆ. ಕನ್ನಡದಲ್ಲಿ ಬರೆದುಕೊಂಡು, ಎಲ್ಲಿ ಒತ್ತಬೇಕೋ ಅಲ್ಲಿ ಗೆರೆ ಎಳೆದು, ಮನೆಯಲ್ಲಿ ಓಡಾಡುತ್ತಾ ಹೇಳಿಕೊಳ್ಳುತ್ತಿದ್ದೆ. ದೂರದಿಂದ ಬಂದವರು ತಮ್ಮ ಹೆಸರು ಸರಿಯಾಗಿ ಕೇಳಿಸಿದಾಗ ಒಂದು ಕ್ಷಣ ತಲೆ ಎತ್ತುತ್ತಾರೆ. ಆ ತಲೆ ಎತ್ತುವುದನ್ನು ನೋಡಲಿಕ್ಕೇ ನಾನು ಅಷ್ಟು ಕಷ್ಟ ಪಡುತ್ತಿದ್ದದ್ದು.

ಹೋದ ವರ್ಷ ಥೈರಾಯ್ಡಿನ ಗಂಟು ತೆಗೆಸಬೇಕಾಯಿತು. ದನಿಪೆಟ್ಟಿಗೆಗೆ ಹೋಗುವ ನರ ಆ ಗ್ರಂಥಿಯ ಹಿಂದೆಯೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾಗುವ ಸಾಧ್ಯತೆ ಇದೆ ಎಂದು ಮೊದಲೇ ಹೇಳಿದ್ದರು. ಹಾಗೇ ಆಯಿತು. ಒಂದು ಧ್ವನಿತಂತು ಅಲುಗಾಡದೆ ನಿಂತುಬಿಟ್ಟಿತು. ಬಾಯಿ ತೆರೆದರೆ ಬರೀ ಗಾಳಿ. ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ಜಾಸ್ತಿ ಆಯಾಸ, ಅದೂ ಬೇಡ ಎಂದರು. ನನಗೆ ಸ್ವರ ಚಿಕಿತ್ಸೆ ಕೊಟ್ಟ ಹುಡುಗಿಗೆ ನನ್ನ ಮೊದಲ ನಮಸ್ಕಾರ. 'ಮ್' ಎಂಬ ಒಂದೇ ಸದ್ದನ್ನು ತಿಂಗಳುಗಟ್ಟಲೆ ನನ್ನ ಜೊತೆ ಕೂತು ಹೇಳಿದಳು. ಒಂದು ದಿನವೂ ಬೇಸರ ತೋರಿಸಲಿಲ್ಲ.

ಆಗ ನಮ್ಮ ಕಾರ್ಯದರ್ಶಿಗಳಿಗೆ ಚೀಟಿ ಬರೆದು ಕೊಟ್ಟಿದ್ದೆ, ನನ್ನ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳಿ ಅಂತ. ಅವರು ಓದಿದರು, ಮಡಚಿ ಜೇಬಿಗೆ ಹಾಕಿಕೊಂಡರು. ಆ ವಿಷಯ ಮತ್ತೆ ಎತ್ತಲೇ ಇಲ್ಲ. ವಾರದ ಸಭೆಗಳಲ್ಲಿ ಗಂಟೆಯನ್ನು ನನ್ನ ಮುಂದೆಯೇ ಇಡುತ್ತಿದ್ದರು. ಬಾರಿಸುವವನು ನಾನು, ಕೂಗುವವರು ಆ ದಿನ ಪಕ್ಕದಲ್ಲಿ ಕೂತವರು. ಇದನ್ನು ಯಾರೂ ಠರಾವು ಮಾಡಲಿಲ್ಲ, ಸುಮ್ನೆ ನಡೆದುಕೊಂಡು ಬಂತು. ಸರ್, ಆ ಚೀಟಿ ಇನ್ನೂ ಇದ್ದರೆ ಹರಿದು ಹಾಕಿ. ನಿಮ್ಮ ಋಣ ದೊಡ್ಡದು.

ಮಾತಿಲ್ಲದ ದಿನಗಳಲ್ಲಿ ತುಂಬಾ ಓದಿದೆ. ನಮ್ಮ ಸಂಸ್ಥೆಯ ಹಿಂದಿನ ಕಥೆ ಬಾಯಿಪಾಠ ಇದೆ ಎಂದುಕೊಂಡಿದ್ದೆ, ಆದರೆ ಈಗ ಓದುವಾಗ ಬೇರೆ ಥರ ಕಂಡಿತು. 1905ರ ಫೆಬ್ರವರಿ 23ರಂದು ಷಿಕಾಗೋದ ಒಂದು ಕಚೇರಿಯಲ್ಲಿ ನಾಲ್ಕು ಜನ ಸೇರಿದರು. ಕರೆದವರು ವಕೀಲ ಪಾಲ್ ಹ್ಯಾರಿಸ್. ವರ್ಮಾಂಟಿನ ಸಣ್ಣ ಊರಿನಲ್ಲಿ, ಎಲ್ಲರಿಗೂ ಎಲ್ಲರ ಪರಿಚಯ ಇದ್ದ ಕಡೆ ಬೆಳೆದವರು. ದೊಡ್ಡ ನಗರದಲ್ಲಿ ಅವರಿಗೆ ಬೇಕಾಗಿದ್ದದ್ದು ಅದೇ ಸಲಿಗೆ. ಸಭೆ ಒಬ್ಬರ ಕಚೇರಿಯಿಂದ ಇನ್ನೊಬ್ಬರ ಕಚೇರಿಗೆ ಸರದಿಯಂತೆ ತಿರುಗುತ್ತಿತ್ತು, ಅದಕ್ಕೇ ರೋಟರಿ ಎಂಬ ಹೆಸರು. ಅಲ್ಲಿ ಬಿರುದು ಬಿಟ್ಟು ಹೆಸರು ಹಿಡಿದೇ ಕರೆಯುತ್ತಿದ್ದರು. 1910ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಕ್ಲಬ್ ಆಯಿತು, ಗಡಿ ದಾಟಿತು. ನಮ್ಮ ಮೂರು ದೇಶದ ಸರದಿಯೂ ಆ ಕಚೇರಿಗಳ ಸರದಿಯ ಮುಂದುವರಿಕೆಯೇ ಅಲ್ವಾ?

ಇನ್ನೊಂದು ವಿಷಯ ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಈಗ ರೋಟರಿಯಲ್ಲಿ ಹವ್ಯಾಸಕ್ಕೊಂದರಂತೆ ದೇಶ ದಾಟಿದ ಫೆಲೋಶಿಪ್ ಗುಂಪುಗಳಿವೆ. 1947ರಲ್ಲಿ ದೋಣಿ ಪ್ರಿಯರು ತಮ್ಮ ದೋಣಿಗಳ ಮೇಲೆ ರೋಟರಿ ಬಾವುಟ ಹಾರಿಸಿದರು. ಆದರೆ ಅದಕ್ಕೂ ಮೊದಲು, 1928ರಲ್ಲಿ, ಎಸ್ಪೆರಾಂಟೋ ಪ್ರಿಯರು ಒಟ್ಟಾಗಿದ್ದರು. ಎಲ್ಲ ದೇಶದವರೂ ಕಲಿತು ಆಡಲಿ ಎಂದು ಕಟ್ಟಿದ ಭಾಷೆ ಅದು. ಅಂದರೆ ಗೆಳೆತನಕ್ಕೆ ಮೊದಲು ಬೇಕೆನಿಸಿದ್ದು ಎಲ್ಲರ ಬಾಯಿಗೂ ಸಿಗುವ ಮಾತು. ನನ್ನ ಬಾಯಲ್ಲಿ ಆಗ ಒಂದು ಭಾಷೆಯೂ ಇರಲಿಲ್ಲ.

ಹಾಗಾಗಿ ಹೋದ ವರ್ಷದ ವಾರಾಂತ್ಯಕ್ಕೆ ಬರುವುದಿಲ್ಲ ಎಂದು ಬರೆದು ಕಳಿಸಿದೆ. ಮರುದಿನವೇ ಅಲ್ಲಿಂದ ಉತ್ತರ ಬಂತು. ನಾವು ಯಾವಾಗಲೂ ಉಳಿಯುವ ಮನೆಯ ದಂಪತಿಯದು. 'ಕೋಣೆ ಸಿದ್ಧ ಇದೆ' ಎಂಬ ಒಂದೇ ಸಾಲು. ನನ್ನ ಹೆಂಡತಿ ಅದನ್ನು ಓದಿ, ನನ್ನನ್ನು ಕೇಳದೆ ಟಿಕೆಟ್ ಮಾಡಿಸಿದಳು. ಇಡೀ ವರ್ಷ ಅವಳು ಮಾಡಿದ್ದನ್ನು ಇಲ್ಲಿ ಬರೆದರೆ ಅವಳಿಗೆ ಇಷ್ಟವಾಗುವುದಿಲ್ಲ. ಟಿಕೆಟ್ಟಿನ ವಿಷಯ ಮಾತ್ರ ಹೇಳುತ್ತೇನೆ.

ಆ ಮನೆಯ ಶುಕ್ರವಾರ ರಾತ್ರಿಯನ್ನು ನಾನು ಮರೆಯಲಾರೆ. ಮೇಜಿನ ಮೇಲೆ ಒಂದು ದಪ್ಪ ನೋಟ್‌ಬುಕ್ಕು, ಎರಡು ಪೆನ್ನು. ನನಗೊಂದು ಅಂತ ಗೊತ್ತಾಯಿತು. ಎರಡನೆಯದು ಯಾಕೆ ಅಂತ ಗೊತ್ತಾಗಲಿಲ್ಲ. ನಾನು ಒಂದು ಸಾಲು ಬರೆದೆ. ಮನೆಯ ಯಜಮಾನರು ಉತ್ತರವನ್ನು ಬಾಯಲ್ಲಿ ಹೇಳಲಿಲ್ಲ, ಕೆಳಗೆ ಬರೆದರು. ಮತ್ತೆ ನಾನು, ಮತ್ತೆ ಅವರು. ರಾತ್ರಿ ಹನ್ನೆರಡರವರೆಗೂ ಹಾಗೇ ಕೂತಿದ್ದೆವು. ಇಂಗ್ಲಿಷ್ ಅವರಿಗೂ ಕಲಿತ ಭಾಷೆ, ನನಗೂ ಕಲಿತ ಭಾಷೆ. ಮಾತಾಡುವಾಗ ಇಬ್ಬರೂ ಗೊತ್ತಿರುವ ಪದಕ್ಕೆ ತಕ್ಕ ಹಾಗೆ ವಿಷಯ ಬದಲಿಸಿಬಿಡುತ್ತಿದ್ದೆವು. ಬರೆಯುವಾಗ ಸಮಯ ಸಿಕ್ಕಿತು. ಎಂಟು ವರ್ಷದಿಂದ ಅವರ ಮನೆಯಲ್ಲಿ ಉಳಿದಿದ್ದೇನೆ. ಅವರ ಅಣ್ಣ ಚಿಕ್ಕಂದಿನಲ್ಲೇ ತೀರಿಕೊಂಡದ್ದು ನನಗೆ ಗೊತ್ತಾದದ್ದು ಅವತ್ತು, ನೋಟ್‌ಬುಕ್ಕಿನ ಒಂಬತ್ತನೇ ಪುಟದಲ್ಲಿ. ಬೆಳಿಗ್ಗೆ ಹೊರಡುವಾಗ ಆ ಪುಸ್ತಕವನ್ನು ನನ್ನ ಚೀಲದಲ್ಲಿಟ್ಟರು.

ನಮ್ಮ ಸಂಪ್ರದಾಯಗಳಲ್ಲಿ ಯಾವುದನ್ನು ಬಿಡಬಹುದು ಎಂದು ಆಗಾಗ ಚರ್ಚೆ ಬರುತ್ತದೆ. ಕಾಲರ್ ಬಿಡಿ, ನನಗೆ ಚಿಂತೆ ಇಲ್ಲ. ಮನೆಯಲ್ಲಿ ಉಳಿಯುವುದನ್ನು ಮಾತ್ರ ಬಿಡಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ಹೋಟೆಲ್ ಕೋಣೆಯಲ್ಲಿ ಎರಡನೇ ಪೆನ್ನು ಇರುವುದಿಲ್ಲ.

ಶನಿವಾರ ರಾತ್ರಿ ಗಂಟೆಯನ್ನು ನನ್ನ ಮುಂದೆ ತಂದಿಟ್ಟರು. ನಮ್ಮ ಕಿರಿಯ ಸದಸ್ಯನೊಬ್ಬ ಕಿವಿಯ ಹತ್ತಿರ ಬಂದು, 'ಅಣ್ಣಾ, ಒಂದು ಸಲ ಬಾರಿಸಿ, ಆಮೇಲೆ ನೋಡಿ' ಎಂದ. ಬಾರಿಸಿದೆ. ಮೊದಲ ಸಾಲಿನಲ್ಲಿದ್ದವರು ಎದ್ದು, ತಮ್ಮ ಪಕ್ಕದಲ್ಲಿ ಕೂತವರ ಹೆಸರು ಹೇಳಿದರು. ತಮ್ಮದಲ್ಲ, ಪಕ್ಕದವರದು. ಮತ್ತೆ ಬಾರಿಸಿದೆ. ಆ ಪಕ್ಕದವರು ಎದ್ದು ತಮ್ಮ ಪಕ್ಕದವರ ಹೆಸರು ಹೇಳಿದರು. ಬೇಕೆಂದೇ ಬೇರೆ ಬೇರೆ ದೇಶದವರನ್ನು ಅಕ್ಕಪಕ್ಕ ಕೂರಿಸಿದ್ದರು. ಒಬ್ಬರೂ ಕಾಗದ ನೋಡಲಿಲ್ಲ. ಒಂದು ತಿಂಗಳಿಂದ ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿತಿದ್ದರಂತೆ. ಸಭಾಂಗಣದ ತುಂಬ ತಲೆಗಳು ಒಂದೊಂದಾಗಿ ಎತ್ತಿಕೊಳ್ಳುವುದನ್ನು ನಾನು ಗಂಟೆ ಹಿಡಿದು ನೋಡುತ್ತಿದ್ದೆ.

ಕೊನೆಗೆ ಉಳಿದದ್ದು ನಾನು. ನನ್ನ ಹೆಸರಿನಲ್ಲಿ ಒಂದು 'ಳ' ಇದೆ. ಆ ದಂಪತಿಯ ಭಾಷೆಯಲ್ಲಿ 'ಳ' ಇಲ್ಲ. ಇಷ್ಟು ವರ್ಷ ಅವರ ಬಾಯಲ್ಲಿ ಅದು 'ಲ' ಆಗಿತ್ತು, ನನಗೆ ಅದರಲ್ಲಿ ಬೇಸರವೂ ಇರಲಿಲ್ಲ. ಮನೆಯಾಕೆ ಎದ್ದು ನಿಂತರು. ಒಂದು ಕ್ಷಣ ತಡೆದು ನಾಲಿಗೆಯನ್ನು ಹಿಂದಕ್ಕೆ ಮಡಚಿದ್ದು ನನಗೆ ಕಂಡಿತು. 'ಳ' ಬಂತು. ಪೂರ್ತಿ ಬಂತು. ನನ್ನ ತಲೆ ತಾನಾಗಿಯೇ ಎತ್ತಿತು. ಅಮ್ಮಾ, ನಿಮಗೆ ಯಾವ ಭಾಷೆಯಲ್ಲಿ ಧನ್ಯವಾದ ಹೇಳಲಿ? ಇದನ್ನು ಯಾರಾದರೂ ನಿಮಗೆ ಅನುವಾದ ಮಾಡಿ ಹೇಳುತ್ತಾರೆ ಎಂಬ ನಂಬಿಕೆಯಲ್ಲಿ ಇಲ್ಲೇ ಹೇಳುತ್ತಿದ್ದೇನೆ.

ಪತಾಕೆ ವಿನಿಮಯದ ಹೊತ್ತಿಗೆ ನನ್ನ ಕಣ್ಣು ಮಂಜಾಗಿತ್ತು. ಹ್ಯೂಸ್ಟನ್ನಿನ ಒಂದು ರೋಟರಿ ಕ್ಲಬ್ಬಿನ ಪತಾಕೆ 1968ರ ಡಿಸೆಂಬರಿನಲ್ಲಿ ಅಪೊಲೊ 8 ನೌಕೆಯಲ್ಲಿ ಚಂದ್ರನನ್ನು ಸುತ್ತಿ ಬಂದಿತ್ತು. ಆ ನೌಕೆಯ ಕಮಾಂಡರ್ ಫ್ರಾಂಕ್ ಬೋರ್ಮನ್ ಆ ಕ್ಲಬ್ಬಿನ ಸದಸ್ಯರಾಗಿದ್ದರು. ಆ ಕಥೆಯನ್ನು ಪ್ರತಿ ವರ್ಷ ನಾನೇ ಹೇಳುತ್ತಿದ್ದೆ. ಆ ರಾತ್ರಿ ಇನ್ನೊಂದು ಕ್ಲಬ್ಬಿನ ಹಿರಿಯರು ನನ್ನ ಕಡೆ ಒಮ್ಮೆ ನೋಡಿ, ನಾನು ಹೇಳುವ ಹಾಗೇ ಹೇಳಿದರು. ನಾನು ಎಲ್ಲಿ ನಿಲ್ಲಿಸುತ್ತೇನೋ ಅಲ್ಲೇ ನಿಲ್ಲಿಸಿದರು. ಅವರಿಗೂ ವಂದನೆ.

ಇನ್ನೂ ಎಷ್ಟೋ ಜನ ಇದ್ದೀರಿ. ಭಾನುವಾರ ಬೆಳಿಗ್ಗೆ ನನ್ನ ಬದಲು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಮಾತಾಡಿದವರು. ಫೋನ್ ಮಾಡಿ, ನಾನು ಉತ್ತರ ಕೊಡಲಾರೆ ಎಂದು ಗೊತ್ತಿದ್ದೂ ಹತ್ತು ನಿಮಿಷ ಅವರೇ ಮಾತಾಡಿ ಇಟ್ಟವರು. ಪ್ರತಿ ಸಭೆಗೂ ನನ್ನನ್ನು ಮನೆಯಿಂದ ಕರೆದುಕೊಂಡು ಹೋದವರು. ನಿಮಗೆ ನೀವು ಯಾರು ಅಂತ ಗೊತ್ತು. ನನಗೂ ಗೊತ್ತು.

ಈ ಸಲ ವಾರಾಂತ್ಯ ನಮ್ಮಲ್ಲಿ. ಪಟ್ಟಿ ಮೊನ್ನೆ ಕೈಗೆ ಬಂತು, 41 ಹೆಸರು. ದಿನಕ್ಕೆ ನಾಲ್ಕೈದರಂತೆ ಹೇಳಿಕೊಳ್ಳುತ್ತಿದ್ದೇನೆ. ಅದರಲ್ಲಿ ಆರು ಹೆಸರು ಹೊಸವು, ನಾನು ಯಾವತ್ತೂ ಕೇಳಿಲ್ಲದವು. ಆ ಆರು ಜನ ದಯವಿಟ್ಟು ನಿಮ್ಮ ಹೆಸರನ್ನು ನೀವೇ ನಿಧಾನವಾಗಿ ಎರಡು ಸಲ ಹೇಳಿ, ಧ್ವನಿಮುದ್ರಿಸಿ, ಈ ತಿಂಗಳ ಕೊನೆಯೊಳಗೆ ನಮ್ಮ ಕಾರ್ಯದರ್ಶಿಗಳಿಗೆ ಕಳಿಸಿ.