ಉತ್ತರಪತ್ರಿಕೆಯ ನಕಲು ಕೈಸೇರಿದ ಮೇಲೆ ಮರುಮೌಲ್ಯಮಾಪನದ ಗಡುವು ಶುರುವಾಗಲಿ

ಮಾನ್ಯ ಸಂಪಾದಕರೆ,

ಪದವಿ ತರಗತಿಗಳ ಸೆಮಿಸ್ಟರ್ ಫಲಿತಾಂಶ ಹೊರಬಿದ್ದ ಮರುದಿನವೇ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕಾಲೇಜು ಕಚೇರಿಗಳಲ್ಲಿ ವಿದ್ಯಾರ್ಥಿಗಳು ಗುಂಪುಗೂಡುತ್ತಾರೆ. ಚೆನ್ನಾಗಿ ಬರೆದ ವಿಷಯದಲ್ಲೇ ಅಂಕ ಏಕೆ ಕಡಿಮೆ ಬಂದಿದೆ, ಯಾರನ್ನು ಕೇಳಬೇಕು, ಎಷ್ಟು ಹಣ ಕಟ್ಟಬೇಕು ಎಂಬುದು ಅವರ ಪ್ರಶ್ನೆ. ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸಿ ನಿವೃತ್ತನಾಗಿರುವ ನಾನು ಈ ಪ್ರಶ್ನೆಗೆ ಉತ್ತರಿಸುತ್ತಲೇ ಬಂದಿದ್ದೇನೆ. ಫಲಿತಾಂಶವನ್ನು ಪ್ರಶ್ನಿಸುವ ದಾರಿಗಳು ನಿಯಮಗಳಲ್ಲಿವೆ. ಆದರೆ ಜಗಳೂರು ಅಥವಾ ಮೊಳಕಾಲ್ಮೂರಿನ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಓದುವ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗನೇ ಆಗಿರುವ ವಿದ್ಯಾರ್ಥಿಗೆ ಅವು ತಿಳಿಯುವ ಹೊತ್ತಿಗೆ ಗಡುವು ಮುಗಿದಿರುತ್ತದೆ.

ಸಾಮಾನ್ಯವಾಗಿ ವಿದ್ಯಾರ್ಥಿಯ ಮುಂದೆ ಮೂರು ಆಯ್ಕೆಗಳಿರುತ್ತವೆ. ಮರು ಎಣಿಕೆಯಲ್ಲಿ ಅಂಕಗಳನ್ನು ಸರಿಯಾಗಿ ಕೂಡಲಾಗಿದೆಯೇ, ಒಳಪುಟದ ಅಂಕಗಳೆಲ್ಲ ಮುಖಪುಟಕ್ಕೆ ಬಂದಿವೆಯೇ ಎಂದಷ್ಟೇ ನೋಡುತ್ತಾರೆ. ಛಾಯಾಪ್ರತಿಗೆ ಅರ್ಜಿ ಹಾಕಿದರೆ ಮೌಲ್ಯಮಾಪನವಾದ ಉತ್ತರಪತ್ರಿಕೆಯ ನಕಲು ಸಿಗುತ್ತದೆ. ಮರುಮೌಲ್ಯಮಾಪನದಲ್ಲಿ ಇನ್ನೊಬ್ಬ ಮೌಲ್ಯಮಾಪಕರು ಪತ್ರಿಕೆಯನ್ನು ಹೊಸದಾಗಿ ತಿದ್ದುತ್ತಾರೆ. ಮೂರಕ್ಕೂ ಬೇರೆ ಬೇರೆ ಶುಲ್ಕವಿದೆ. ಬೆವರು ಸುರಿಸಿ ಗಳಿಸಿದ ಹಣವನ್ನು ತಂದೆತಾಯಿ ಯಾವುದಕ್ಕೆ ಕಟ್ಟಬೇಕು ಎಂಬುದು ಉತ್ತರಪತ್ರಿಕೆಯನ್ನು ಕಣ್ಣಾರೆ ನೋಡದೆ ನಿರ್ಧಾರವಾಗುವ ಸಂಗತಿಯಲ್ಲ. ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಛಾಯಾಪ್ರತಿಗೂ ಮರುಮೌಲ್ಯಮಾಪನಕ್ಕೂ ಒಂದೇ ಕೊನೆಯ ದಿನಾಂಕವನ್ನು ನಿಗದಿ ಮಾಡಿದರೆ, ಅಥವಾ ನಕಲು ಬರುವಷ್ಟರಲ್ಲಿ ಎರಡನೆಯದರ ಗಡುವು ಮುಗಿದುಹೋದರೆ, ಆ ನಕಲು ವಿದ್ಯಾರ್ಥಿಯ ದುಃಖ ಹೆಚ್ಚಿಸುವುದಕ್ಕಲ್ಲದೆ ಬೇರೆ ಯಾವ ಉಪಯೋಗಕ್ಕೂ ಬಾರದು. ನನ್ನ ವಿದ್ಯಾರ್ಥಿನಿಯೊಬ್ಬಳ ಪಾಲಿಗೆ ಹೀಗೆಯೇ ಆಯಿತು; ಒಂದು ಇಡೀ ಉತ್ತರಕ್ಕೆ ಅಂಕವನ್ನೇ ನೀಡದಿರುವುದು ನಕಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದರೂ ದಿನಾಂಕ ಮೀರಿದೆ ಎಂಬ ಉತ್ತರವಷ್ಟೇ ಅವಳಿಗೆ ದೊರೆಯಿತು.

ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆದು, ಅದನ್ನು ನೋಡಿದ ಮೇಲೆ ಬೇಕಿದ್ದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಕ್ರಮವಿದೆ. ಹತ್ತನೆಯ ತರಗತಿಯ ಮಕ್ಕಳಿಗೆ ಒಪ್ಪುವ ಈ ಕ್ರಮ ಪದವಿ ವಿದ್ಯಾರ್ಥಿಗಳಿಗೆ ಏಕೆ ಒಪ್ಪಬಾರದು? ನಕಲು ವಿದ್ಯಾರ್ಥಿಯ ಕೈಸೇರಿದ ದಿನದಿಂದ ಕನಿಷ್ಠ ಏಳು ದಿನಗಳನ್ನು ಮರುಮೌಲ್ಯಮಾಪನದ ಅರ್ಜಿಗೆ ಕೊಡಬೇಕೆಂದು ಎಲ್ಲ ವಿಶ್ವವಿದ್ಯಾಲಯಗಳ ಮೌಲ್ಯಮಾಪನ ಕುಲಸಚಿವರನ್ನು ನಾನು ಕೋರುತ್ತೇನೆ.

ತನ್ನ ಉತ್ತರಪತ್ರಿಕೆಯನ್ನು ನೋಡುವುದು ವಿದ್ಯಾರ್ಥಿಯ ಹಕ್ಕು. ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ, ಮೌಲ್ಯಮಾಪನವಾದ ಉತ್ತರಪತ್ರಿಕೆಯು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಪರೀಕ್ಷೆ ಬರೆದವರು ಅದನ್ನು ಪರಿಶೀಲಿಸಬಹುದು ಎಂದು ಸ್ಪಷ್ಟಪಡಿಸಿತು. ಮೌಲ್ಯಮಾಪಕರ ಹೆಸರು, ಸಹಿಯಂತಹ ಗುರುತುಗಳನ್ನು ಮಾತ್ರ ಮರೆಮಾಡಬಹುದು. ನಮ್ಮ ರಾಜ್ಯದಲ್ಲಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಉತ್ತರಪತ್ರಿಕೆಗಳನ್ನು ವಿಶ್ವವಿದ್ಯಾಲಯ ಉಳಿಸಿಕೊಳ್ಳುವ ಅವಧಿಯೊಳಗೆ ಮಾತ್ರ ಈ ಹಕ್ಕು ನಡೆಯುತ್ತದೆ. ಮತ್ತು ಈ ಕಾಯ್ದೆಯಿಂದ ಪತ್ರಿಕೆಯನ್ನು ನೋಡಬಹುದೇ ಹೊರತು ಮರಳಿ ತಿದ್ದಿಸಲು ಆಗದು. ಮೂವತ್ತು ದಿನ ಕಾಯುವಷ್ಟರಲ್ಲಿ ಮರುಮೌಲ್ಯಮಾಪನದ ಗಡುವೇ ದಾಟಿಹೋಗುವುದರಿಂದ ವಿಶ್ವವಿದ್ಯಾಲಯದ ಕ್ರಮವೇ ಸರಿಹೋಗುವುದು ಮುಖ್ಯ.

ಲಿಖಿತ ಪರೀಕ್ಷೆಗಿಂತ ನನ್ನನ್ನು ಹೆಚ್ಚು ಕಾಡುವುದು ಆಂತರಿಕ ಮೌಲ್ಯಮಾಪನ. ಕಿರುಪರೀಕ್ಷೆ, ಅಸೈನ್‌ಮೆಂಟ್, ಹಾಜರಾತಿ ಮುಂತಾದವುಗಳ ಆಧಾರದಲ್ಲಿ ಕಾಲೇಜಿನಲ್ಲಿಯೇ ನೀಡುವ ಈ ಅಂಕಗಳು ಅಂತಿಮ ಗ್ರೇಡನ್ನು ಮೇಲೆತ್ತಬಲ್ಲವು, ಕೆಳಗಿಳಿಸಲೂ ಬಲ್ಲವು. ಮರುಮೌಲ್ಯಮಾಪನಕ್ಕೆ ಮಾತ್ರ ಇವು ಒಳಪಡುವುದಿಲ್ಲ. ಅಂಕಗಳು ಒಮ್ಮೆ ರಾಜ್ಯದ ವಿಶ್ವವಿದ್ಯಾಲಯಗಳು ಬಳಸುವ ಯುಯುಸಿಎಂಎಸ್ ಎಂಬ ತಂತ್ರಾಂಶಕ್ಕೆ ಏರಿದ ಮೇಲೆ ಅವನ್ನು ಬದಲಿಸುವುದು ಉಪನ್ಯಾಸಕರ ಕೈಯಲ್ಲೂ ಇರುವುದಿಲ್ಲ. ಎರಡಂಕಿಯ ಅಂಕ ನಮೂದಿಸುವಾಗ ಒಂದು ಅಂಕಿ ತಪ್ಪಿದರೂ, ಪಕ್ಕದ ನೋಂದಣಿ ಸಂಖ್ಯೆಯ ಎದುರು ಅಂಕ ಬಿದ್ದರೂ ಅದರ ಹೊರೆ ಹೊರುವವನು ವಿದ್ಯಾರ್ಥಿ. ಆದ್ದರಿಂದ ಅಂಕಗಳನ್ನು ತಂತ್ರಾಂಶಕ್ಕೆ ಸೇರಿಸುವ ಮೊದಲು ಪ್ರತಿ ವಿದ್ಯಾರ್ಥಿಗೂ ತಿದ್ದಿದ ಬ್ಲೂಬುಕ್ (ಕಿರುಪರೀಕ್ಷೆಯ ಉತ್ತರ ಪುಸ್ತಿಕೆ) ತೋರಿಸಿ, ಅಂಕಪಟ್ಟಿಯ ಮೇಲೆ ಸಹಿ ಪಡೆಯುವುದನ್ನು ಕಡ್ಡಾಯ ಮಾಡಬೇಕು. ಹೀಗೆ ಮಾಡುವ ಉಪನ್ಯಾಸಕರು ನಮ್ಮಲ್ಲಿ ಅನೇಕರಿದ್ದಾರೆ. ಅವರ ವಿದ್ಯಾರ್ಥಿಗಳು ಫಲಿತಾಂಶದ ನಂತರ ಅರ್ಜಿ ಹಿಡಿದು ಅಲೆಯುವುದನ್ನು ನಾನು ಕಂಡಿಲ್ಲ.

ಮೌಲ್ಯಮಾಪನದಲ್ಲಿ ಪಕ್ಷಪಾತವೋ ಅಕ್ರಮವೋ ನಡೆದಿದ್ದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಾವಳಿ ನೆರವಿಗೆ ಬರುತ್ತದೆ. ಪ್ರತಿ ಸಂಸ್ಥೆಯಲ್ಲೂ ಪ್ರಾಧ್ಯಾಪಕರೊಬ್ಬರ ಅಧ್ಯಕ್ಷತೆಯ ಸಮಿತಿ ಇರಬೇಕು. ದೂರು ಬಂದ ಹದಿನೈದು ಕೆಲಸದ ದಿನಗಳಲ್ಲಿ ವರದಿ ನೀಡಲು ಅದು ಪ್ರಯತ್ನಿಸಬೇಕು. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ವಿದ್ಯಾರ್ಥಿ ಹದಿನೈದು ದಿನಗಳೊಳಗೆ ಒಂಬುಡ್ಸ್‌ಪರ್ಸನ್, ಅಂದರೆ ಇಂತಹ ಮೇಲ್ಮನವಿಗಳನ್ನು ವಿಚಾರಿಸಲು ನೇಮಕವಾದ ಅಧಿಕಾರಿಯ ಬಳಿ ಮೇಲ್ಮನವಿ ಸಲ್ಲಿಸಬಹುದು. ‘ನನಗೆ ಇನ್ನೂ ಹತ್ತು ಅಂಕ ಬರಬೇಕಿತ್ತು’ ಎಂದಷ್ಟೇ ಬರೆದ ಅರ್ಜಿಯನ್ನು ಅಲ್ಲಿ ಪರಿಗಣಿಸುವುದಿಲ್ಲ. ಫಲಿತಾಂಶದ ಮೇಲೆ ಪರಿಣಾಮ ಬೀರಿದ ನಿರ್ದಿಷ್ಟ ಅಕ್ರಮವನ್ನು ಅಥವಾ ತಾರತಮ್ಯವನ್ನು ತೋರಿಸಬೇಕು. ಹಾಗೆ ತೋರಿಸಲು ಕೂಡ ಉತ್ತರಪತ್ರಿಕೆಯ ನಕಲು ಕೈಯಲ್ಲಿರಬೇಕಾಗುತ್ತದೆ.

ಗ್ರಾಹಕರ ನ್ಯಾಯಾಲಯಕ್ಕೆ ಹೋಗಿ ಎಂದು ಸಲಹೆ ಕೊಡುವವರಿದ್ದಾರೆ. ಪರೀಕ್ಷೆ ನಡೆಸುವ ಮಂಡಳಿ ಸೇವೆ ಮಾರುವ ಸಂಸ್ಥೆಯಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿಯೇ ಹೇಳಿರುವುದರಿಂದ ಆ ದಾರಿ ಹಿಡಿದು ಹಣ ಕಳೆದುಕೊಳ್ಳುವುದು ಬೇಡ. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಸಲ್ಲಿಸಬಹುದಾದರೂ ನಮ್ಮ ಎರಡು ಜಿಲ್ಲೆಗಳವರು ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕು. ನಿಯಮದಲ್ಲಿ ಅವಕಾಶವಿಲ್ಲದಿದ್ದರೆ ನ್ಯಾಯಾಲಯಗಳು ಮರುಮೌಲ್ಯಮಾಪನಕ್ಕೆ ಆದೇಶಿಸುವುದು ತೀರಾ ಅಪರೂಪ.

ಇನ್ನೊಂದು ಕೋರಿಕೆಯಿದೆ. ಮರುಮೌಲ್ಯಮಾಪನದ ಫಲಿತಾಂಶ ತಡವಾದಾಗ ವಿದ್ಯಾರ್ಥಿಯು ಅದೇ ವಿಷಯದ ಪರೀಕ್ಷೆಗೆ ಮತ್ತೆ ಶುಲ್ಕ ಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ. ಆಮೇಲೆ ಮರುಮೌಲ್ಯಮಾಪನದಲ್ಲಿ ಆತ ತೇರ್ಗಡೆಯಾದನೆಂದು ತಿಳಿದರೆ, ಆ ಪರೀಕ್ಷಾ ಶುಲ್ಕವನ್ನೂ ಮರುಮೌಲ್ಯಮಾಪನಕ್ಕೆ ಕಟ್ಟಿದ ಶುಲ್ಕವನ್ನೂ ಅರ್ಜಿ ಕೇಳದೆ ಅವನ ಬ್ಯಾಂಕ್ ಖಾತೆಗೆ ಹಿಂದಿರುಗಿಸಬೇಕು. ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯವು 2009ರಲ್ಲಿ ಸ್ಥಾಪನೆಯಾದದ್ದು ಈ ಎರಡು ಜಿಲ್ಲೆಗಳ ಮಕ್ಕಳಿಗೆ ಉನ್ನತ ಶಿಕ್ಷಣ ಹತ್ತಿರವಾಗಲಿ ಎಂದು. ಮುಂದಿನ ಫಲಿತಾಂಶದ ದಿನವೇ ಅರ್ಜಿಯ ಬಗೆ, ಶುಲ್ಕ, ಕೊನೆಯ ದಿನಾಂಕ, ಕುಂದುಕೊರತೆ ಸಮಿತಿಯ ಸದಸ್ಯರ ಹೆಸರು, ಇವಿಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ತನ್ನ ವ್ಯಾಪ್ತಿಯ ಪ್ರತಿ ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸುವ ವ್ಯವಸ್ಥೆಯನ್ನು ಅದು ಮಾಡಲಿ ಎಂದು ವಿನಂತಿಸುತ್ತೇನೆ.

ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕ,
ದಾವಣಗೆರೆ