‘ಸುಮಾರು’ ಅಂತ ಬರೆಯಬೇಡ ಮಗಳೇ

ಚಿಕ್ಕಮಗಳೂರು

ಮಗಳೇ,

ನಿನ್ನ ಕಥೆಗಳ ಕಟ್ಟು ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ಕಥೆಗಳ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ಕಾಗದದ ಕೊನೆಯ ಪುಟ. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಪುಸ್ತಕ ಅಚ್ಚು ಹಾಕಿಸಿ ಕೈ ಸುಟ್ಟುಕೊಂಡೆ, ಬರೆದು ಬದುಕೋಕೆ ಆಗಲ್ಲ, ಸಕಲೇಶಪುರದಲ್ಲೇ ಯಾವುದಾದರೂ ಹೋಮ್‌ಸ್ಟೇಯಲ್ಲಿ ಕೆಲಸಕ್ಕೆ ಸೇರಿಬಿಡ್ತೀನಿ ಅಂತ ಬರೆದಿದ್ದೀಯ. ಆ ಒಂದೇ ಪುಟದಲ್ಲಿ ‘ಸುಮಾರು’ ಅನ್ನೋ ಮಾತು ಏಳು ಸಲ ಬಂದಿದೆ. ಸುಮಾರು 300 ಪ್ರತಿ ಹೋಗಿದೆ. ಸುಮಾರು 21,000 ಬಂತು. ಅಂಗಡಿಯವರು ಸುಮಾರು ಐದಾರು ಸಾವಿರ ಕೊಡಬೇಕು. ಇಷ್ಟೊಂದು ಸುಮಾರುಗಳನ್ನು ಕೂಡಿಸಿ, ಬರೆಯೋದನ್ನೇ ಬಿಟ್ಟುಬಿಡ್ತೀನಿ ಅಂತ ತೀರ್ಮಾನ ಮಾಡಿದ್ದೀಯ. ನನಗೆ ಕೋಪ ಬಂದದ್ದು ಅಲ್ಲಿ.

ಆದಾಯ ತೆರಿಗೆಯ ರಿಟರ್ನ್ ಹಾಕೋಕೆ ಯಾವ ಫಾರಂ, ಯಾವ ತಾರೀಖು, ತೆರಿಗೆ ಲೆಕ್ಕ ಹಾಕೋ ಹಳೇ ಪದ್ಧತಿ, ಅಂದರೆ ಹಳೇ ರೆಜೀಮ್ ಒಳ್ಳೇದಾ ಹೊಸದಾ ಅಂತೆಲ್ಲ ಕೇಳಿದ್ದೀಯ. ಅದನ್ನು ಹಾಸನದಲ್ಲಿ ಒಬ್ಬ ಒಳ್ಳೆಯ ಆಡಿಟರ್ ಹತ್ತಿರ ಹೋಗಿ ಕೇಳು. ಅರ್ಧ ಗಂಟೆಯ ಮಾತು ಅದು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ, ಸೆಕ್ಷನ್ ನಂಬರ್‌ಗಳೆಲ್ಲ ಬೇರೆ. ಅವನ್ನು ನೀನು ಬಾಯಿಪಾಠ ಮಾಡಬೇಕಾಗಿಲ್ಲ. ಜಿಎಸ್‌ಟಿ ಅಂತ ಸುಮ್ನೆ ಹೆದರಿದ್ದೀಯ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ನೀನು ಮಾಡುವ ಬರವಣಿಗೆ ಕೆಲಸಕ್ಕೆ ನೋಂದಣಿಯ ಮಾತು ಬರೋದು ವರ್ಷದ ವಹಿವಾಟು 20 ಲಕ್ಷ ದಾಟಿದಾಗ. ಅಲ್ಲಿಗೆ ತಲುಪಿದಾಗ ನೋಡಿಕೊಳ್ಳೋಣ.

ನನಗೆ ಹೇಳಬೇಕಾದ್ದು ಒಂದೇ. ಅವತ್ತಿನದು ಅವತ್ತೇ ಬರಿ.

ನಮ್ಮ ಅಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ನಿನಗೆ ಗೊತ್ತಲ್ಲ, ನಮ್ಮ ಕಡೆ ರೈಟರ್ ಅಂದರೆ ತೋಟದ ಲೆಕ್ಕ ಬರೆಯುವವರು. ಸಂಜೆ ಆಳುಗಳು ಲೈನಿಗೆ, ಅಂದರೆ ತಮ್ಮ ಸಾಲುಮನೆಗಳಿಗೆ ಹೋದ ಮೇಲೆ ಅಪ್ಪ ಲಾಟೀನು ಹಚ್ಚಿಕೊಂಡು ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ ಬಿಡಿಸುತ್ತಿದ್ದರು. ಯಾರದು ಪೂರ್ತಿ ದಿನ, ಯಾರದು ಅರ್ಧ ದಿನ, ಯಾರಿಗೆ ಎಷ್ಟು ಮುಂಗಡ. ಮಳೆ ಬಂದಿದ್ದರೆ ಎಷ್ಟು ಇಂಚು, ಎಷ್ಟು ಸೆಂಟು.

ಒಂದು ಬಟವಾಡೆಯ ದಿನ ಒಬ್ಬ ಹೆಂಗಸು, ‘ರೈಟ್ರೇ, ಅರ್ಧ ದಿನ ಕಮ್ಮಿ ಬಂದಿದೆ’ ಅಂದಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಲೈನ್ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ದಿನಕ್ಕೊಂದು ಗೆರೆ ಎಳೆದಿದ್ದಳು. ಅರ್ಧ ದಿನಕ್ಕೆ ಗಿಡ್ಡ ಗೆರೆ. ಅಪ್ಪ ಅವಳ ಜೊತೆ ಹೋಗಿ ಗೋಡೆ ನೋಡಿದರು. ನಾನೂ ಹಿಂದೆಯೇ ಹೋಗಿದ್ದೆ. ಆ ವಾರ ಒಂದು ಸಂಜೆ ಅಪ್ಪ ನೆಂಟರ ಮದುವೆಗೆ ಹೋಗಿ, ಮಾರನೇ ದಿನ ನೆನಪಿನ ಮೇಲೆ ಹಾಜರಿ ಬರೆದಿದ್ದರು. ತಪ್ಪಾದದ್ದು ಅಲ್ಲಿ. ಗೋಡೆ ಸರಿಯಾಗಿತ್ತು. ಅಪ್ಪ ಎಲ್ಲರ ಎದುರಿಗೇ ತಪ್ಪು ಒಪ್ಪಿಕೊಂಡು ದುಡ್ಡು ಕೊಟ್ಟರು. ಆಮೇಲೆ ಜ್ವರ ಬಂದರೂ ಎದ್ದು ಕೂತು ಅವತ್ತಿನ ಪುಟ ಬರೆದೇ ಮಲಗುತ್ತಿದ್ದರು.

‘ಎಲ್ಲಾ ಫೋನ್‌ಪೇಲಿ ಇದೆ ಸಾರ್’ ಅಂತ ಬರೆದಿದ್ದೀಯ. ಅದರಲ್ಲಿ ಪುಸ್ತಕ ಮಾರಿದ 180 ರೂಪಾಯಿಯೂ ಇರುತ್ತದೆ, ನಿನ್ನ ಚಿಕ್ಕಮ್ಮ ಔಷಧಿ ತರೋಕೆ ಅಂತ ಹಾಕಿದ ದುಡ್ಡೂ ಇರುತ್ತದೆ. ಯಾರು ಕೊಟ್ಟರು ಅನ್ನೋದು ಸಿಗುತ್ತದೆ. ಯಾಕೆ ಕೊಟ್ಟರು ಅನ್ನೋದು ಆರು ತಿಂಗಳಾದ ಮೇಲೆ ನಿನಗೂ ನೆನಪಿರಲ್ಲ. ಅದನ್ನು ನೀನೇ ಬರೆದಿಡಬೇಕು. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಬರವಣಿಗೆಯ ದುಡ್ಡಿಗೆ ಅಂತಲೇ ಬೇರೆ ಒಂದು ಬ್ಯಾಂಕ್ ಖಾತೆ ತೆಗೆ. ಬಿಲ್‌ಗಳನ್ನು ಒಂದು ಫೈಲಿಗೆ ಹಾಕು.

ಈಗ ನಿನ್ನ ನಷ್ಟದ ಮಾತು. 500 ಪ್ರತಿಗೆ 38,000 ಕೊಟ್ಟೆ, 21,000 ಬಂತು, 17,000 ಮುಳುಗಿತು ಅಂದಿದ್ದೀಯ. ಅದೇ ಕಾಗದದಲ್ಲಿ ಮಂಚದ ಕೆಳಗೆಲ್ಲ ಪುಸ್ತಕದ ಬಾಕ್ಸ್‌ಗಳೇ ಇವೆ ಅಂತಲೂ ಹೇಳಿದ್ದೀಯ. ನಿನಗೆ ಪ್ರತಿಗೆ 76 ರೂಪಾಯಿ ಬಿದ್ದಿದೆ. ಮಾರ್ಚ್ 31ಕ್ಕೆ ಎಷ್ಟು ಪ್ರತಿ ಉಳಿದಿರುತ್ತದೋ ಅಷ್ಟರ ದುಡ್ಡು ಇನ್ನೂ ಖರ್ಚಿಗೆ ಸೇರುವುದಿಲ್ಲ, ಅದು ಸರಕು. ಮಾರಿಕೊಡಿ ಅಂತ ಅಂಗಡಿಯಲ್ಲಿ ಇಟ್ಟ ಪ್ರತಿಯೂ ಮಾರಾಟ ಆಗುವ ತನಕ ನಿನ್ನದೇ. 200 ಪ್ರತಿ ಉಳಿದಿದೆ ಅಂದರೆ 15,200 ರೂಪಾಯಿ ಸರಕು ನಿನ್ನ ಹತ್ತಿರ ಇದೆ. ಖರ್ಚು 22,800 ಮಾತ್ರ. ಅಂಗಡಿಯವರು ಕೊಡಬೇಕಾದ್ದು ಕೈಗೆ ಬಂದರೆ ನಿನಗೆ ನಷ್ಟವೇ ಆಗಿಲ್ಲ!

ಆದರೆ ಇನ್ನೊಂದು ಇದೆ. 180 ರೂಪಾಯಿಯ ಪುಸ್ತಕ. ಆ 300 ಪ್ರತಿಯನ್ನೂ ಅಂಗಡಿಗೇ ಕೊಟ್ಟು ನೂರಕ್ಕೆ 40 ಕಮಿಷನ್ ಬಿಟ್ಟಿದ್ದರೂ 32,400 ಆಗಬೇಕು. ನಿನ್ನ ಲೆಕ್ಕದಲ್ಲಿ ಬಂದದ್ದು, ಬರಬೇಕಾದ್ದು ಎಲ್ಲ ಸೇರಿ 27,000 ದಾಟುವುದಿಲ್ಲ. ಉಳಿದದ್ದು ಎಲ್ಲಿ? ಸುಮ್ನೆ ಕೊಟ್ಟ ಪ್ರತಿಗಳಾ? ಯಾರಿಗೆ ಕೊಟ್ಟೆ? ಈ ಭಾನುವಾರ ಬಾಕ್ಸ್‌ಗಳನ್ನು ಹೊರಗೆ ಎಳೆದು ಎಣಿಸು. ಬಿಡಬೇಕೋ ಬೇಡವೋ ಅಂತ ಆಮೇಲೆ ಯೋಚನೆ ಮಾಡು.

ರೆಸಾರ್ಟ್‌ನವರಿಗೆ ಬರೆದುಕೊಟ್ಟ ಕೆಲಸಕ್ಕೆ 54,000 ಬಂತು ಅಂದಿದ್ದೀಯ. ನೀನು ಕೊಟ್ಟ ಬಿಲ್ 60,000. ಇಂಥ ಸಂಭಾವನೆ ಒಂದೇ ಕಡೆಯಿಂದ ವರ್ಷಕ್ಕೆ 50,000 ದಾಟಿದರೆ ನೂರಕ್ಕೆ 10 ಟಿಡಿಎಸ್ ಅಂತ, ಅಂದರೆ ದುಡ್ಡು ಕೊಡುವಾಗಲೇ ತೆರಿಗೆ ಅಂತ ಹಿಡಿಯುತ್ತಾರೆ. ಲೆಕ್ಕದ ನೋಟ್‌ಬುಕ್‌ನಲ್ಲಿ 60,000 ಅಂತಲೇ ಬರಿ. ಆ 6,000 ನಿನ್ನ ಪ್ಯಾನ್ ನಂಬರ್ ಮೇಲೆ ಸರ್ಕಾರದ ಹತ್ತಿರ ಇದೆ. ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ, ಸುಮ್ಮನಿದ್ದರೆ ಬರುವುದಿಲ್ಲ. ನಾನು ಎರಡು ವರ್ಷ ರಿಟರ್ನ್ ಹಾಕದೆ ಬಿಟ್ಟುಕೊಂಡ ದುಡ್ಡು ಹಾಗೇ ಹೋಯಿತು.

ಇನ್ನು ನಿನ್ನ ಚಿಕ್ಕಪ್ಪ ಹೇಳಿದ ಉಪಾಯ. ಮಕ್ಕಳ ಕಥಾ ಶಿಬಿರದಲ್ಲಿ ನಗದಾಗಿ ಬಂದದ್ದನ್ನು ತೋಟದ ಲೆಕ್ಕಕ್ಕೆ ಸೇರಿಸಿ, ಕಾಳುಮೆಣಸು ಮಾರಿದ್ದು ಅನ್ನು, ತೋಟದ ಆದಾಯಕ್ಕೆ ಟ್ಯಾಕ್ಸ್ ಇಲ್ಲ ಅಂದರಂತೆ. ಅವರು ನಿನ್ನ ಒಳ್ಳೆಯದಕ್ಕೇ ಹೇಳಿದ್ದಾರೆ. ಆದರೂ ಬೇಡ. ಕಾಫಿಯನ್ನೇ ನೋಡು. ಬೆಳೆದು ಹಾಗೇ ಮಾರಿದರೆ ಪೂರ್ತಿ ಕೃಷಿ ಆದಾಯ. ಬೆಳೆದವರೇ ಕ್ಯೂರಿಂಗ್ ಮಾಡಿ, ಅಂದರೆ ಸಿಪ್ಪೆ ತೆಗೆದು ಬೀಜ ಹಸನು ಮಾಡಿ ಮಾರಿದರೆ ಅದರಲ್ಲಿ ನೂರಕ್ಕೆ 25 ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ನೂರಕ್ಕೆ 40. ತೋಟದಲ್ಲೇ ಬೆಳೆದ ಕಾಫಿಗೇ ಹೀಗೆ ಗೆರೆ ಎಳೆದಿದ್ದಾರೆ. ಮಕ್ಕಳಿಗೆ ಕಥೆ ಹೇಳಿಕೊಟ್ಟ ದುಡ್ಡು ಯಾವ ಬಳ್ಳಿಯಲ್ಲಿ ಬಿಟ್ಟಿತು ಅಂತ ಬರೀತೀಯ? ಮೇಲಾಗಿ ನಿನ್ನ ಸಂಪಾದನೆಗೆ ತೆರಿಗೆಯೇ ಬೀಳುವುದಿಲ್ಲ. ಹೊಸ ರೆಜೀಮಿನಲ್ಲಿ 12 ಲಕ್ಷದ ತನಕದ ಆದಾಯಕ್ಕೆ ರಿಬೇಟ್, ಅಂದರೆ ತೆರಿಗೆ ಮಾಫಿ ಇದೆ. ಕಟ್ಟಬೇಕಾಗಿಯೇ ಇಲ್ಲದ ತೆರಿಗೆಗೆ ಹೆದರಿ ಸುಳ್ಳು ಬರೆಯೋದಾ? ಹಾಗೆ ಬರೆದರೆ ನೀನು ಕಥೆಯಿಂದ ಗಳಿಸಿದ ಒಂದು ರೂಪಾಯಿಯೂ ಯಾವ ಕಾಗದದಲ್ಲೂ ಇರುವುದಿಲ್ಲ. ಇದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಯಾಕೆ ಇಷ್ಟು ಕೂಗಾಡ್ತೀನಿ ಅಂತ ಹೇಳುತ್ತೇನೆ. ನನ್ನ ಎರಡನೇ ಪುಸ್ತಕವನ್ನು ಒಬ್ಬ ಪ್ರಕಾಶಕರಿಗೆ ಬಾಯಿಮಾತಿನ ಮೇಲೆ ಕೊಟ್ಟೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡುವುದು ಕಾಗದದ ಮೇಲೇ ಆಗಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಅರ್ಥ. ಇದೊಂದೂ ಆಗ ನನಗೆ ಗೊತ್ತಿರಲಿಲ್ಲ. ಎಷ್ಟು ಪ್ರತಿ ಹಾಕಿದರು, ಎಷ್ಟು ಮಾರಿದರು, ಇವತ್ತಿಗೂ ತಿಳಿಯದು. ಒಂದು ದಿನ ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಅದರ ಎರಡನೇ ಮುದ್ರಣ ಕಣ್ಣಿಗೆ ಬಿತ್ತು. ಕೇಳೋಣ ಅಂದರೆ ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ. ನನಗೆ ಮೋಸವಾಯಿತು ಅಂತ ಇಪ್ಪತ್ತು ವರ್ಷ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ.

ಆಮೇಲೆ ಒಂದು ಸಲ ಹಳೇ ಪೆಟ್ಟಿಗೆ ಗುಡಿಸುವಾಗ ನನ್ನ ಮೊದಲ ಪುಸ್ತಕದ ಮುಖಪುಟದ ಮೂಲ ಚಿತ್ರ ಸಿಕ್ಕಿತು. ಊರಿನ ಡ್ರಾಯಿಂಗ್ ಮೇಷ್ಟ್ರು ಬರೆದದ್ದು. ಅದನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಕೂತೆ. ಅವರಿಗೆ ನಾನು ದುಡ್ಡು ಕೊಟ್ಟಿದ್ದೆನಾ? ಪುಸ್ತಕ ಮಾರಿದ ಮೇಲೆ ಕೊಡುತ್ತೇನೆ ಅಂದಿದ್ದು ನೆನಪಿದೆ. ಕೊಟ್ಟದ್ದು ನೆನಪಿಲ್ಲ. ಎಲ್ಲೂ ಬರೆದಿಲ್ಲ. ಅವರು ಕೇಳುವ ಜನವಲ್ಲ. ನಾನು ವಿಚಾರಿಸುವ ಹೊತ್ತಿಗೆ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಪ್ರಕಾಶಕರು ನನಗೆ ಮಾಡಿದ್ದನ್ನೇ ನಾನು ಮೇಷ್ಟ್ರಿಗೆ ಮಾಡಿದ್ದೆ. ಇದನ್ನು ಇಲ್ಲಿಯ ತನಕ ಯಾರಿಗೂ ಬರೆದಿರಲಿಲ್ಲ.

ನಿನ್ನ ಕಥೆಗಳು ಚೆನ್ನಾಗಿವೆ. ಹೊಗಳುವುದಕ್ಕೆ ಹೇಳುತ್ತಿಲ್ಲ. ಮೂರನೆಯದರಲ್ಲಿ ಅಜ್ಜಿ ಮೆಣಸು ಮಾರಿ ಬಂದು ಸೊಂಟದ ಚೀಲ ಬಿಚ್ಚಿ ‘ಒಂದಷ್ಟು ದುಡ್ಡು’ ಎಣಿಸುತ್ತಾಳೆ. ಎಷ್ಟು? ಆ ಅಜ್ಜಿಗೆ ಅದು ಪೈಸೆ ಸಮೇತ ಗೊತ್ತಿರುತ್ತದೆ. ನಿನಗೆ ಗೊತ್ತಿಲ್ಲ, ಅದಕ್ಕೇ ಆ ಜಾಗದಲ್ಲಿ ಕಥೆ ಮಂಕಾಗಿದೆ. ಎಷ್ಟು ಕೆ.ಜಿ., ಏನು ರೇಟು, ಸಾಲಕ್ಕೆ ಎಷ್ಟು ಮುರಿದುಕೊಂಡರು, ತಿಳಿದುಕೊಂಡು ಮತ್ತೆ ಬರಿ.

ಕಾಗದ ಮುಗಿಸುವ ಮುಂಚೆ ಇನ್ನೊಂದು. ನಿನ್ನ ಪುಸ್ತಕದ ಮುಖಪುಟ ತುಂಬಾ ಚೆಂದ ಇದೆ, ಗೆಳತಿ ಬರೆದುಕೊಟ್ಟಳು ಅಂತ ಹೇಳಿದ್ದೀಯ. ಖರ್ಚಿನ ಪಟ್ಟಿಯಲ್ಲಿ ಕಾಗದ ಇದೆ, ಅಚ್ಚು ಇದೆ, ಬೈಂಡಿಂಗ್ ಇದೆ, ಲಾರಿ ಬಾಡಿಗೆಯೂ ಇದೆ. ಅವಳ ಹೆಸರಿಲ್ಲ. ಅವಳಿಗೆ ಎಷ್ಟು ಕೊಟ್ಟೆ?

ಮುಂದಿನ ಕಾಗದದಲ್ಲಿ ಅದನ್ನು ಮೊದಲು ಬರಿ.